ಹಲ್ಲಿಯ ಬೆನ್ನಿನ ಜಿಪ್ಪು ಕಾಣಿಸಿದ ಬಗ್ಗೆ

ಹಳೆಯ ಚಲನಚಿತ್ರಗಳ ಧೂಳು ಕೊಡವಿ, ಹೊಳಪು ಕೊಟ್ಟು, ಮನೆಮನೆಯ ಟೀವಿಗೆ ತಲುಪಿಸುವ ಕಂಪನಿಯ ಘನ ಮುಖ್ಯಸ್ಥರಿಗೆ ಕನ್ನಡಕದಂಗಡಿಯವನೊಬ್ಬನ ಸವಿನಯ ವಂದನೆಗಳು.

ಮಾನ್ಯರೇ,

ತಾವೂ ತಮ್ಮ ಯಂತ್ರಗಳೂ ಕ್ಷೇಮವೆಂದು ನಂಬಿದ್ದೇನೆ. ಜನರಿಗೆ ಸ್ಪಷ್ಟವಾಗಿ ಕಾಣಿಸುವಂತೆ ಮಾಡಿಯೇ ಹೊಟ್ಟೆ ಹೊರೆಯುವ ನಾನು, ಸ್ಪಷ್ಟವಾಗಿ ಕಾಣಿಸಿಬಿಟ್ಟಿತೆಂದು ದೂರುವುದು ನನ್ನ ಅನ್ನಕ್ಕೆ ನಾನೇ ಮಣ್ಣು ಹಾಕಿಕೊಂಡಂತೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಬೇರೆ ಗ್ರಹದಿಂದ ಬಂದು ಊರು ತುಳಿಯುವ ದೈತ್ಯ ಹಲ್ಲಿಯ ಆ ಚಿತ್ರವನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ. ನೋಡಿದ್ದೆ ಎನ್ನುವುದಕ್ಕಿಂತ, ಅಕ್ಕನ ತೋಳಿನಲ್ಲಿ ಮುಖ ಹುದುಗಿಸಿಕೊಂಡು ಕೇಳಿಸಿಕೊಂಡಿದ್ದೆ ಎಂದರೆ ಸರಿ. ನಮ್ಮ ಕಾಲದ ಭಯವೆಂದರೆ ಭಯ, ಈಗಿನ ಚಿತ್ರಗಳೆಲ್ಲ ಬರೀ ಗದ್ದಲ ಎಂದು ಮಗಳಿಗೆ ವರ್ಷಗಟ್ಟಲೆ ಉಪದೇಶ ಮಾಡಿದವನು ನಾನು. ಹೀಗಿರಲು, ಹೋದ ತಿಂಗಳು ತಾವು "ಹಿಂದೆಂದೂ ಕಾಣದಷ್ಟು ಸ್ವಚ್ಛ" ಎಂದು ಸಾರಿ ಅದನ್ನು ಬಿಡುಗಡೆ ಮಾಡಿದಾಗ, ಭಾನುವಾರ ಮಧ್ಯಾಹ್ನ ಅಕ್ಕನನ್ನೂ ಕರೆಸಿ, ಪರದೆ ಎಳೆದು, ಮಗಳನ್ನು ನಡುವೆ ಕೂರಿಸಿಕೊಂಡೆ. ಹೆದರಿದರೆ ಹಿಡಿದುಕೊಳ್ಳಲಿ ಎಂದು ಕೈಯನ್ನೂ ಅವಳ ಪಕ್ಕದಲ್ಲೇ ಸಿದ್ಧವಾಗಿಟ್ಟೆ.

ಹಲ್ಲಿ ಬಂತು. ತಮ್ಮ ಕೆಲಸಕ್ಕೆ ಕೈ ಮುಗಿಯಬೇಕು: ಕುತ್ತಿಗೆಯಿಂದ ಬಾಲದವರೆಗೆ ಅದರ ಬೆನ್ನಿನ ಜಿಪ್ಪು ಒಂದೊಂದು ಹಲ್ಲೂ ಬಿಡದಂತೆ ಕಾಣಿಸಿತು, ಅದು ತುಳಿದ ಗೋಪುರದ ರಟ್ಟು ಅಂಟು ಬಿಟ್ಟಿದ್ದೂ ಕಾಣಿಸಿತು. "ಇದಕ್ಕೇನೋ ನೀನು ನನ್ನ ತೋಳು ಪರಚಿದ್ದು?" ಎಂದು ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮನೆಯಲ್ಲಿ ನನ್ನ ಮಾನ ಹೋಗಿದ್ದಷ್ಟೇ ಆಗಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ.

ಆಮೇಲೆ ಹಲ್ಲಿ ಬಾಯಿ ತೆರೆಯಿತು. ಗಂಟಲೊಳಗೆ ಎರಡು ಕಣ್ಣು, ಬೆವರಿಗೋ ಏನೋ, ಪಿಳಿಪಿಳಿ ಬಡಿದುಕೊಳ್ಳುತ್ತಿದ್ದವು.

"ಅಪ್ಪಾ, ಒಳಗೆ ಯಾರೋ ಇದ್ದಾರೆ" ಎಂದಳು ಮಗಳು.

"ಪಾಪ, ಎಷ್ಟು ಸೆಕೆಯೋ ಅವನಿಗೆ" ಎಂದು ಅಕ್ಕ ಎದ್ದು ಹೋಗಿ ಫ್ಯಾನು ಜೋರು ಮಾಡಿ ಬಂದಳು.

ನಾಯಕ ತನ್ನ ಕಿರಣದ ಬಂದೂಕು ಎತ್ತಿದಾಗ, ಹಲ್ಲಿಗೆ ಒಮ್ಮೆಯೂ ಹೆದರದ ಮಗಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಹಲ್ಲಿ ಸತ್ತು ಉರುಳಿತು, ಚಿತ್ರದೊಳಗೆ ಊರಿಗೆ ಊರೇ ಕುಣಿಯಿತು. ಕೊನೆಯ ಹೆಸರುಗಳನ್ನು ನಾವು ಮೂವರೂ ಮುಂದಕ್ಕೆ ಬಾಗಿ ಓದಿದೆವು. ನಾಯಕನ ಟೋಪಿ ಹೊಲಿದವರ ಹೆಸರಿತ್ತು. ಧೂಳು ಕೊಡವಿದ ತಮ್ಮವರ ಹೆಸರುಗಳಂತೂ ಹಾಲು ಕಾಯಿಸಿ ಬರುವಷ್ಟು ಹೊತ್ತು ಹರಿದುಹೋದವು. ಹಲ್ಲಿಯೊಳಗಿದ್ದವರ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಆದ್ದರಿಂದ, ಆ ಮಹನೀಯರ ಹೆಸರನ್ನು ಹುಡುಕಿ, ತಮ್ಮ ಕಂಪನಿಯ ಹೆಸರಿನಷ್ಟೇ ದಪ್ಪಕ್ಷರದಲ್ಲಿ ಹಾಕಬೇಕೆಂದು ಪ್ರಾರ್ಥನೆ. ಅದಾಗದಿದ್ದರೆ, ಕೊಡವಿದ ಧೂಳನ್ನು ತಮ್ಮ ಗೋದಾಮಿನಲ್ಲಿ ಜೋಪಾನವಾಗಿ ಎತ್ತಿಟ್ಟಿದ್ದೀರೆಂದು ನಂಬಿ, ಅದನ್ನು ಚಿತ್ರದ ಮೇಲೆ ಮತ್ತೆ ಮೊದಲಿನಂತೆಯೇ ಹರಡಬೇಕೆಂದು ಕೋರುತ್ತೇನೆ. ನಡುನಡುವೆ ಯಾರಾದರೂ ಅವರ ಜಿಪ್ಪು ಬಿಚ್ಚಿ ನೀರು ಕೊಟ್ಟಿದ್ದರೇ ಎಂಬುದನ್ನಾದರೂ ತಿಳಿಸಿದರೆ ಅಕ್ಕನಿಗೆ ಸಮಾಧಾನ.

ಇಷ್ಟೆಲ್ಲ ಕಾಣಿಸಿದ ಮೇಲೂ,
ತಮ್ಮ ವಿಶ್ವಾಸಿ,
ಕನ್ನಡಕದಂಗಡಿಯವನು

ಮರೆತ ಮಾತು: ಮಗಳು ಈಗ ಆ ಚಿತ್ರವನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಾಳೆ, ನಾಯಕ ಬಂದೂಕು ಎತ್ತುವ ಮುಂಚೆಯೇ ಟೀವಿ ಆರಿಸಿಬಿಡುತ್ತಾಳೆ. "ಚಿತ್ರವನ್ನು ಅರ್ಧಕ್ಕೆ ಬಿಟ್ಟಿದ್ದೀರಿ, ಮುಂದುವರಿಸುವಿರಾ?" ಎಂದು ತಾವು ಟೀವಿಯ ಪರದೆಯ ಮೇಲೆ ದಿನವೂ ವಿಚಾರಿಸುತ್ತಿದ್ದೀರಿ. ಇಲ್ಲ, ಮಾನ್ಯರೇ. ಕೊಲ್ಲಲೇಬೇಕೆಂದಿದ್ದರೆ ತಮ್ಮ ಮನೆಯಲ್ಲಿ ಕೊಂದುಕೊಳ್ಳಿ.