ಹಸಿರು ರಟ್ಟಿನ ಪುಸ್ತಕ ಗೆದ್ದದ್ದು

ನಾನು ಯಾವ ಕೆಲಸಕ್ಕೆ ಕೈ ಹಾಕಿದರೂ ಏನಾದರೊಂದು ಎಡವಟ್ಟು ನನಗಿಂತ ಮೊದಲೇ ಬಂದು ಕುರ್ಚಿ ಎಳೆದುಕೊಂಡು ಕೂತಿರುತ್ತದೆ. ಒಂದು ಪಠ್ಯಪುಸ್ತಕ ಆರಿಸುವುದರಲ್ಲಿ ನಗುವಂಥದ್ದು ಏನಿರುತ್ತದೆ ಎಂದು ನೀವು ಕೇಳಬಹುದು. ಶುರು ಮಾಡುವಾಗ ನಾನೂ ಹಾಗೇ ಅಂದುಕೊಂಡಿದ್ದೆ.

ಜೆ.ಪಿ. ನಗರದ ಒಂದು ಕಾಲೇಜಿನಲ್ಲಿ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಓದುವವರಿಗೆ ನಾನು ಎಪಿಡೆಮಿಯಾಲಜಿ ಪಾಠ ಮಾಡುತ್ತೇನೆ. ಯಾರಿಗೆ ಕಾಯಿಲೆ ಬಂತು, ಯಾರಿಗೆ ಬರಲಿಲ್ಲ, ಯಾಕೆ ಎಂದು ಲೆಕ್ಕ ಹಾಕಿ ಕಂಡುಹಿಡಿಯುವ ಶಾಸ್ತ್ರ ಅದು. ಮೊದಲ ವರ್ಷಕ್ಕೆ ಚಿತ್ರಗಳಿರುವ ಕೆಂಪು ರಟ್ಟಿನ ಪುಸ್ತಕವಿದೆ, ಮಕ್ಕಳಿಗೂ ಅರ್ಥವಾಗುತ್ತದೆ. ಪಿಎಚ್.ಡಿ. ಮಾಡುವವರಿಗೆ ಕಪ್ಪು ರಟ್ಟಿನದಿದೆ, ಅದು ಬರೆದವರಿಗಾದರೂ ಅರ್ಥವಾಗಿದೆಯೋ ಇಲ್ಲವೋ ನನಗೆ ಅನುಮಾನ. ಎರಡನೇ ವರ್ಷಕ್ಕೆ ಇವೆರಡರ ನಡುವಿನ ಪುಸ್ತಕ ಬೇಕಿತ್ತು. ಅದಿಲ್ಲದೆ ನಮ್ಮ ವಿಭಾಗದ ಮುಖ್ಯಸ್ಥರ ನೋಟ್ಸೇ ಗತಿಯಾಗಿತ್ತು.

ಆ ನೋಟ್ಸನ್ನು ಹೇಗಾದರೂ ಸಾಗಹಾಕಬೇಕೆಂದು ಆರು ವರ್ಷದಿಂದ ಹೊಂಚು ಹಾಕಿದ್ದೆ. ಈ ವರ್ಷ ಕೊನೆಗೂ ಒಂದು ಸಮಿತಿ ಆಯಿತು: ಮುಖ್ಯಸ್ಥರು, ಸಂಖ್ಯಾಶಾಸ್ತ್ರದ ಮೇಷ್ಟ್ರು, ನಾನು. ಸೆಮಿಸ್ಟರ್ ಮುಗಿಯುವುದರೊಳಗೆ ಮೂವರೂ ಒಂದು ಪುಸ್ತಕಕ್ಕೆ ಒಪ್ಪಬೇಕು, ಇಲ್ಲದಿದ್ದರೆ ಇನ್ನೂ ಒಂದು ವರ್ಷ ನೋಟ್ಸ್.

ನೋಟ್ಸಿನ ಮಹಿಮೆ

ಮುಖ್ಯಸ್ಥರು ವಯಸ್ಸಿನಲ್ಲಿದ್ದಾಗ ಟೈಪ್‌ರೈಟರಿನಲ್ಲಿ ಕುಟ್ಟಿದ ನೋಟ್ಸ್ ಅದು. ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸ್ ಆಗುತ್ತಾ ಆಗುತ್ತಾ ದಶಮಾಂಶದ ಚುಕ್ಕೆಗಳೆಲ್ಲ ಒಂದೊಂದಾಗಿ ಉದುರಿಹೋಗಿದ್ದವು. ಅದು ಸಾಲದೆಂದು ಮೆಷಿನ್ನಿನ ಗಾಜಿನ ಮೇಲಿದ್ದ ಧೂಳು ಬೇಡದ ಕಡೆಯೆಲ್ಲ ಹೊಸ ಚುಕ್ಕೆ ಇಟ್ಟಿತ್ತು.

ಒಂದು ಲೆಕ್ಕದಲ್ಲಿ ಮನೆಗೆ ಸರಾಸರಿ 4.2 ಜನ ಎಂದಿದ್ದದ್ದು 42 ಆಗಿತ್ತು. ಇಡೀ ತರಗತಿ ಮರುಮಾತಿಲ್ಲದೆ ಹಾಗೇ ಲೆಕ್ಕ ಮಾಡಿಕೊಂಡು ಬಂದಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಒಂದು ಮನೇಲಿ ನಲವತ್ತೆರಡು ಜನ! ಯಾರಿಗೂ ಡೌಟೇ ಬರ್ಲಿಲ್ವಾ?"

ಗೊಟ್ಟಿಗೆರೆಯಿಂದ ಬರುವ ಹುಡುಗಿ ಎದ್ದು ನಿಂತಳು. ಹಿಂದೆ ಅವರಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರದೇ ನಾಲ್ಕು ಅಂತಸ್ತಿನ ಪಿ.ಜಿ. ಇದೆ. ಕೆಳಗಡೆ ಇವರು, ಮೇಲೆಲ್ಲ ಬಾಡಿಗೆಯವರು.

"ಇಲ್ಲ ಮ್ಯಾಮ್. ನಮ್ಮನೇಲೇ ಅರವತ್ತು ಜನ ಇದಾರೆ."

ಹಿಂದಿನಿಂದ ಓದುವವರು

ಪ್ರಕಾಶಕರು ನಡುವಿನ ಮಟ್ಟದ ಎರಡು ಪುಸ್ತಕಗಳನ್ನು ನೋಡುವುದಕ್ಕೆಂದು ಕಳಿಸಿಕೊಟ್ಟರು. ಒಂದು ನೀಲಿ, ಇನ್ನೊಂದು ಹಸಿರು. ಸಮಿತಿಯ ಮೊದಲ ಸಭೆ ಮುಖ್ಯಸ್ಥರ ಕೋಣೆಯಲ್ಲಿ ಸೇರಿತು.

ಸಂಖ್ಯಾಶಾಸ್ತ್ರದ ಮೇಷ್ಟ್ರು ಎರಡನ್ನೂ ಪರಪರನೆ ತಿರುವಿ ಹಾಕಿ ಐದು ನಿಮಿಷದಲ್ಲಿ ತೀರ್ಪು ಕೊಟ್ಟರು. "ನೀಲಿನೇ ಇರ್ಲಿ ಮೇಡಂ. ಪುಟಕ್ಕೆ ಎರಡು ಸೂತ್ರ ಇದೆ. ಹಸಿರಲ್ಲಿ ಬರೀ ಮಾತು. ಸೂತ್ರ ಇಲ್ದಿದ್ರೆ ಹುಡುಗ್ರಿಗೆ ನಮ್ಮ ಮೇಲೆ ಭಯ ಎಲ್ಲಿರತ್ತೆ?"

ಮುಖ್ಯಸ್ಥರು ಹಾಗೆ ಅವಸರ ಮಾಡುವವರಲ್ಲ. ಅವರು ಪುಸ್ತಕವನ್ನು ಹಿಂದಿನಿಂದ ತೆರೆದರು. ಕೊನೆಯಲ್ಲಿ ಹೆಸರುಗಳ ಪಟ್ಟಿ ಇರುತ್ತದಲ್ಲ, ಅಲ್ಲಿ ಅವರ ಬೆರಳು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯಿತು. ಎಂದೋ ಒಂದು ಕಾಲದಲ್ಲಿ ಅವರು ಜಂತುಹುಳುವಿನ ಮೇಲೆ ಒಂದು ಪ್ರಬಂಧ ಪ್ರಕಟಿಸಿದ್ದರು. ನೀಲಿಯಲ್ಲಿ ಹುಡುಕಿದರು, ಹಸಿರಿನಲ್ಲಿ ಹುಡುಕಿದರು, ಮತ್ತೆ ನೀಲಿಗೆ ಬಂದು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಹುಡುಕಿದರು.

ಕೊನೆಗೆ ಎರಡನ್ನೂ ಮುಚ್ಚಿ ಬದಿಗಿಟ್ಟರು. "ಎರಡೂ ಪರ್ವಾಗಿಲ್ಲ. ಆದ್ರೆ ಜಂತುಹುಳೂಗೆ ನ್ಯಾಯ ಸಿಕ್ಕಿಲ್ಲ."

ಪಾರ್ಕಿನಲ್ಲಿ ಪ್ರಯೋಗ

ಪುಸ್ತಕ ಅರ್ಥವಾಗುತ್ತದೋ ಇಲ್ಲವೋ ಎಂದು ತಿಳಿಯಬೇಕಾದರೆ ಓದಲೇಬೇಕಾದ ಕರ್ಮವಿಲ್ಲದವರ ಕೈಗೆ ಕೊಟ್ಟು ನೋಡಬೇಕು. ಜಯನಗರದಲ್ಲಿ ನಮ್ಮ ಮನೆ ಹತ್ತಿರದ ಪಾರ್ಕಿಗೆ ಬೆಳಿಗ್ಗೆ ಪುಸ್ತಕ ಹಿಡಿದುಕೊಂಡು ಹೋಗಿ ಕೂರತೊಡಗಿದೆ. ಅಲ್ಲಿ ದಿನಾ ಹತ್ತು ಸುತ್ತು ಹಾಕುವ ರಿಟೈರ್ಡ್ ಬ್ಯಾಂಕ್ ಮ್ಯಾನೇಜರೊಬ್ಬರಿದ್ದಾರೆ. ಪಾರ್ಕಿನಲ್ಲಿ ಯಾರು ಏನು ಓದಿದರೂ ಅವರಿಗೆ ಗೊತ್ತಾಗಬೇಕು.

"ಈ ವಯಸ್ಸಲ್ಲಿ ಯಾವ ಪರೀಕ್ಷೆನಮ್ಮಾ?" ಎಂದು ಕೇಳಿದರು.

"ಪರೀಕ್ಷೆ ನಂದಲ್ಲ ಸಾರ್, ಪುಸ್ತಕದ್ದು," ಎಂದು ನೀಲಿಯನ್ನು ಕೈಗಿತ್ತೆ. ಅರ್ಧ ಪುಟ ನೋಡಿ, ಕನ್ನಡಕದ ನಂಬರ್ ಬದಲಾಯಿಸಬೇಕು ಎಂದು ವಾಪಸ್ ಕೊಟ್ಟರು.

ಮಾರನೇ ದಿನ ಹಸಿರು. ಅವತ್ತು ಅವರೇ ಮಾತಿಗೆ ಎಳೆದರು. "ನಂಗೆ ಎಪ್ಪತ್ನಾಲ್ಕು. ಒಂದು ಮಾತ್ರೆ ಇಲ್ಲ. ಎಲ್ಲಾ ವಾಕಿಂಗ್ ಮಹಿಮೆ. ಇಲ್ಲಿ ಬರೋರ್ನ ನೋಡು, ಒಬ್ಬೊಬ್ರೂ ಕಲ್ಲುಗುಂಡು ಇದ್ದಂಗಿದಾರೆ!"

ಹಸಿರು ಪುಸ್ತಕದ ಎರಡನೇ ಅಧ್ಯಾಯ ಇದೇ ವಿಚಾರದ ಮೇಲಿತ್ತು. "ಸಾರ್, ವಾಕಿಂಗ್ ಬರೋದ್ರಿಂದ ಗಟ್ಟಿಯಾಗಿದಾರೋ, ಗಟ್ಟಿಯಾಗಿರೋರು ಮಾತ್ರ ವಾಕಿಂಗ್ ಬರ್ತಾರೋ? ಮಂಡಿ ನೋವಿರೋರು ಮನೇಲೇ ಇರ್ತಾರಲ್ಲ," ಎಂದು ಆ ಪುಟ ತೆರೆದುಕೊಟ್ಟೆ. ಅವರು ನಿಂತಲ್ಲೇ ಎರಡು ಪುಟ ಓದಿದರು, ಮತ್ತೆ ಮೊದಲಿನಿಂದ ಓದಿದರು. ಆರನೇ ಸುತ್ತಿಗೇ ವಾಕಿಂಗ್ ಬಿಟ್ಟು ಏನೋ ಯೋಚನೆ ಮಾಡುತ್ತಾ ಮನೆ ಕಡೆ ಹೊರಟರು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಎಪ್ಪತ್ನಾಲ್ಕರ ಬ್ಯಾಂಕಿನವರಿಗೆ ಅರ್ಥವಾದ ಪುಸ್ತಕ ನನ್ನ ವಿದ್ಯಾರ್ಥಿಗಳಿಗೆ ಅರ್ಥವಾಗದೆ ಇರುತ್ತದೆಯೇ?

ನಾಲ್ಕು ದಿನ ಬಿಟ್ಟು ಅವರ ಹೆಂಡತಿ ಪಾರ್ಕಿಗೆ ನನ್ನನ್ನು ಹುಡುಕಿಕೊಂಡು ಬಂದರು.

"ಏನ್ರೀ ಓದಿಸಿದ್ರಿ ನಮ್ಮನೆಯವರಿಗೆ? ಅವತ್ತಿಂದ ಸೋಫಾ ಬಿಟ್ಟು ಏಳ್ತಿಲ್ಲ. ಮೊದ್ಲು ಸಾಬೀತಾಗ್ಲಿ, ಆಮೇಲೆ ನಡೀತೀನಿ ಅಂತಾರೆ!"

ಗೀಟಿನ ಸಮೀಕ್ಷೆ

ಒಬ್ಬರನ್ನು ನೋಡಿ ತೀರ್ಮಾನ ಮಾಡಬಾರದೆಂದು ತರಗತಿಯಲ್ಲಿ ಬಾಯಿ ಬಡಿದುಕೊಳ್ಳುವವಳು ನಾನೇ. ಹಾಗಾಗಿ ಒಂದು ಸಮೀಕ್ಷೆ ಮಾಡೋಣವೆಂದುಕೊಂಡೆ. ಎರಡೂ ಪುಸ್ತಕಗಳನ್ನು ಲೈಬ್ರರಿಯಲ್ಲಿ ಇಡಿಸಿದೆ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯವರ ಹತ್ತಿರ ಹೋಗಿ, ನೀಲಿಯಿಂದ ಯಾರಾದರೂ ಪಾಠ ಜೆರಾಕ್ಸ್ ಮಾಡಿಸಿದರೆ ಇಲ್ಲೊಂದು ಗೀಟು, ಹಸಿರಿನಿಂದ ಮಾಡಿಸಿದರೆ ಅಲ್ಲೊಂದು ಗೀಟು ಎಳೆಯಿರಿ ಎಂದು ಹಳೇ ಕ್ಯಾಲೆಂಡರಿನ ಹಿಂಬದಿ ಕೊಟ್ಟು ಬಂದೆ.

ಹದಿನೈದು ದಿನದ ಫಲಿತಾಂಶ: ನೀಲಿ ಅರವತ್ತೊಂದು, ಹಸಿರು ಮೂರು.

ನನ್ನ ಮನಸ್ಸು ಹಸಿರಿನ ಕಡೆಗೇ ಇತ್ತು. ಆದರೂ ಅಂಕಿ ಅಂಶಕ್ಕೆ ತಲೆಬಾಗಬೇಕಲ್ಲ. ಬಣ್ಣದ ಚಾರ್ಟ್ ಮಾಡಿ ಸಮಿತಿಯ ಮುಂದೆ ಇಟ್ಟೆ. ಸಂಖ್ಯಾಶಾಸ್ತ್ರದ ಮೇಷ್ಟ್ರು ಚಪ್ಪಾಳೆಯನ್ನೇ ತಟ್ಟಿದರು. ಸಂಜೆ ಥ್ಯಾಂಕ್ಸ್ ಹೇಳೋಣವೆಂದು ಜೆರಾಕ್ಸ್ ಅಂಗಡಿಗೆ ಹೋದೆ.

"ಹುಡುಗ್ರಿಗೆ ಹಸಿರು ಇಷ್ಟ ಇಲ್ಲ ಅಂತ ಕಾಣ್ಸತ್ತೆ ಅಲ್ವಾ?" ಎಂದೆ.

"ಅಯ್ಯೋ, ಹಂಗೇನಿಲ್ಲ ಮೇಡಂ. ಆ ಬುಕ್ಕು ಮೆಷಿನ್ ಮೇಲೆ ಫ್ಲಾಟಾಗಿ ಕೂರಲ್ಲ. ಒತ್ತಿದ್ರೆ ಬೈಂಡಿಂಗ್ ಬಿಟ್ಕೊಳತ್ತೆ. ಲೈಬ್ರರಿ ಬುಕ್ಕು, ಆಮೇಲೆ ನನ್ ತಲೆಗೆ ಬರತ್ತೆ ಅಂತ ನಾನೇ ವಾಪಸ್ ಕಳಿಸ್ತೀನಿ. ಹುಡುಗ್ರು ಬೈಕೊಂಡು ಅಲ್ಲೇ ಕೂತು ಓದ್ತಾರೆ."

ಕಣ್ಣಿಗೆ ಕಂಡ ಕಾರಣ ನಿಜವಾದ ಕಾರಣ ಆಗಿರಬೇಕಿಲ್ಲ ಎಂದು ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ! ಜೆರಾಕ್ಸ್ ಮಾಡಿಸಿಕೊಂಡದ್ದನ್ನು ಯಾವ ವಿದ್ಯಾರ್ಥಿಯೂ ಓದುವುದಿಲ್ಲ, ಮಾಡಿಸಿದರೆ ಓದಿದಷ್ಟೇ ಸಮಾಧಾನ. ಅಂದರೆ ನೀಲಿ ಬರೀ ಬ್ಯಾಗಿಗೆ ಹೋಗಿತ್ತು, ಹಸಿರು ತಲೆಗೆ ಹೋಗಿತ್ತು.

ಅಂಗಡಿಯವರು ನನ್ನ ಮುಖ ನೋಡಿ ಕನಿಕರದಿಂದ ಕೇಳಿದರು: "ಹದಿನೈದು ದಿನ ಗೀಟು ಎಳೆಸಿದ್ರಲ್ಲ, ನಿಮ್ಮ ಶಾಸ್ತ್ರದಲ್ಲಿ ಅಂಗಡಿಯವನನ್ನ ಕೇಳೋದು ಅಂತ ಇಲ್ವಾ ಮೇಡಂ?"

ಕೋಸಂಬರಿಯ ವಿಚಾರಣೆ

ಈ ಕಥೆಯನ್ನು ಸಮಿತಿಗೆ ಹೇಳಿದರೆ ಸಂಖ್ಯಾಶಾಸ್ತ್ರದ ಮೇಷ್ಟ್ರು ಒಪ್ಪಲಿಲ್ಲ. "ನೀವೇ ತಂದ ಅಂಕಿ ಅಂಶ ನೀವೇ ಬೇಡ ಅಂದ್ರೆ ಹೆಂಗೆ ಮೇಡಂ?" ಎಂದರು. ಅವರು ನೀಲಿ, ನಾನು ಹಸಿರು. ಮುಖ್ಯಸ್ಥರು ನೆಮ್ಮದಿಯಿಂದ, "ಶುಕ್ರವಾರ ಕೊನೇ ಮೀಟಿಂಗು. ನೀವಿಬ್ರೂ ಒಪ್ಪಲಿಲ್ಲ ಅಂದ್ರೆ ನೋಟ್ಸ್ ಇದ್ದೇ ಇದೆ," ಎಂದರು.

ಅದೇ ವಾರ ಮಂಗಳವಾರ ವಿಭಾಗದ ಊಟವಿತ್ತು. ಸೆಮಿಸ್ಟರ್ ಕೊನೆಗೆ ಒಬ್ಬೊಬ್ಬರು ಒಂದೊಂದು ತರುವುದು ನಮ್ಮಲ್ಲಿ ವಾಡಿಕೆ. ನಾನು ಹೆಸರುಬೇಳೆ ಕೋಸಂಬರಿ ಮಾಡಿದ್ದೆ. ಸಂಖ್ಯಾಶಾಸ್ತ್ರದ ಮೇಷ್ಟ್ರು ಸ್ವೀಟ್ ಅಂಗಡಿಯಿಂದ ಬಾಸುಂದಿ ತಂದಿದ್ದರು. ಬೆಳಿಗ್ಗೆಯೇ ಕೊಂಡು, ಊಟದ ಹೊತ್ತಿನ ತನಕ ಕಾರಿನ ಡಿಕ್ಕಿಯಲ್ಲಿಟ್ಟಿದ್ದರು. ಕಾರು ಬಿಸಿಲಿನಲ್ಲಿ ನಿಂತಿತ್ತು. ಇಪ್ಪತ್ತಾರು ಜನ ಉಂಡೆವು.

ಬುಧವಾರ ಬೆಳಿಗ್ಗೆ ವಿಭಾಗದಲ್ಲಿ ಹತ್ತು ಜನ ಇಲ್ಲ. ಬಂದವರಲ್ಲೂ ಕೆಲವರು ಯಾವ ಕ್ಷಣದಲ್ಲಾದರೂ ಓಡುವ ಸ್ಥಿತಿಯಲ್ಲಿದ್ದರು. ಒಟ್ಟು ಹದಿನಾಲ್ಕು ಜನರ ಹೊಟ್ಟೆ ಕೆಟ್ಟಿತ್ತು. "ಹಸಿ ಬೇಳೆ, ಹಸಿ ಸೌತೆಕಾಯಿ, ಇನ್ನೇನಾಗತ್ತೆ?" ಎಂದು ಮೇಷ್ಟ್ರು ಕಾರಿಡಾರಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. ಮುಖ್ಯಸ್ಥರು ಫೋನ್ ಮಾಡಿ ಸೋತ ದನಿಯಲ್ಲಿ, "ಬಿಡಮ್ಮಾ, ಯಾರೂ ಬೇಕಂತ ಮಾಡಲ್ಲ," ಎಂದರು. ಬೈದಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಇಪ್ಪತ್ತು ವರ್ಷದ ನನ್ನ ಕೋಸಂಬರಿಯ ಮಾನ ಹೋಗಿತ್ತು. ಇವಳು ಹೇಳಿದ ಪುಸ್ತಕವನ್ನು ಇನ್ನು ಯಾರು ಒಪ್ಪುತ್ತಾರೆ?

ಆರೋಪಿ ನಾನೇ ಆದ್ದರಿಂದ ನಾನು ವಿಚಾರಣೆ ಮಾಡುವಂತಿಲ್ಲ. ಗೊಟ್ಟಿಗೆರೆ ಹುಡುಗಿ ಬಂದು, "ಮ್ಯಾಮ್, ಹಸಿರು ಬುಕ್ಕಲ್ಲಿ ಐದನೇ ಪಾಠ ಇದೇ ಇದೆ. ನಾವು ಮಾಡ್ತೀವಿ, ನೀವು ದೂರ ಇರಿ," ಎಂದಳು. ಬಾಡಿಗೆಗೆ ಬರುವವರನ್ನು ಅವರಪ್ಪ ಪ್ರಶ್ನೆ ಮಾಡುವುದನ್ನು ನೋಡಿ ಬೆಳೆದವಳು. ಯಾರು ಏನು ತಿಂದರು, ಎಷ್ಟು ತಿಂದರು, ಯಾವಾಗ ಓಡಿದರು, ಇಪ್ಪತ್ತಾರು ಜನರ ಬಾಯನ್ನೂ ಒಂದೇ ದಿನದಲ್ಲಿ ಬಿಡಿಸಿದಳು. ಹುಷಾರಿಲ್ಲದೆ ಮಲಗಿದ್ದವರನ್ನು ಫೋನಿನಲ್ಲಿ ಹಿಡಿದಳು.

ಗುರುವಾರ ಮಧ್ಯಾಹ್ನ ಬೋರ್ಡಿನ ಮೇಲೆ ಪಟ್ಟಿ ಎದ್ದಿತು. ಕೋಸಂಬರಿ ತಿಂದವರಲ್ಲಿ ಸುಮಾರು ಅರ್ಧ ಜನಕ್ಕೆ ಹೊಟ್ಟೆ ಕೆಟ್ಟಿತ್ತು, ತಿನ್ನದವರಲ್ಲೂ ಅರ್ಧ ಜನಕ್ಕೆ ಕೆಟ್ಟಿತ್ತು. ಕೋಸಂಬರಿ ನಿರಪರಾಧಿ! ಬಾಸುಂದಿ ತಿಂದವರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಮಲಗಿದ್ದರು. ತಿನ್ನದವರೆಲ್ಲ ಚೆನ್ನಾಗಿದ್ದರು, ಒಬ್ಬರನ್ನು ಬಿಟ್ಟು.

"ನೋಡಿ, ಅಲ್ಲೇ ಸಿಕ್ಕಿಬಿದ್ರಿ!" ಎಂದು ಮೇಷ್ಟ್ರು ಹಾರಿಬಿದ್ದರು. "ಬಾಸುಂದಿ ಮುಟ್ಟದೇ ಇರೋರಿಗೂ ಬಂದಿದೆ. ಅದೂ ಯಾರಿಗೆ? ಹೆಡ್ಡಿಗೆ! ಅವರಿಗೆ ಶುಗರ್ ಇದೆ, ಎಲ್ಲರ ಮುಂದೆ ಬೇಡ ಅಂದಿದಾರೆ."

ಹುಡುಗಿ ಶಾಂತವಾಗಿ ಹಸಿರು ಪುಸ್ತಕ ತೆರೆದಳು. "ಪಟ್ಟಿಗೆ ಹೊಂದದೇ ಇರೋ ವ್ಯಕ್ತಿನ ಬಿಟ್ಬಿಡಬಾರದು, ಒಬ್ಬರೇ ಇದ್ದಾಗ ಇನ್ನೊಂದ್ಸಲ ಕೇಳ್ಬೇಕು ಅಂತ ಇದೆ ಸಾರ್."

ಶುಕ್ರವಾರ ಬೆಳಿಗ್ಗೆ ಮುಖ್ಯಸ್ಥರು ಗೋಡೆ ಹಿಡಿದುಕೊಂಡು ಬಂದರು. ಹುಡುಗಿ ಅವರ ಕೋಣೆಗೆ ಹೋದಳು. ನಾನು ಬಾಗಿಲಾಚೆ ನಿಂತೆ. ಕದ್ದು ಕೇಳುವುದು ತಪ್ಪು ಎಂದು ಗೊತ್ತಿದ್ದೂ ನಿಂತೆ.

"ಸಾರ್, ಬಾಸುಂದಿ?"

"ಇಲ್ಲಮ್ಮ. ನಂಗೆ ಶುಗರ್ ಅಲ್ವಾ."

"ಗೊತ್ತು ಸಾರ್. ಎಷ್ಟು ಕಪ್ಪು?"

ಮುಖ್ಯಸ್ಥರ ದನಿ ತಗ್ಗಿತು.

"ಒಂದು. ರುಚಿ ನೋಡಕ್ಕೆ. ಎಲ್ರೂ ಹೋದ್ಮೇಲೆ."

"ಆಮೇಲೆ ಸಾರ್?"

"ಇನ್ನೊಂದು."

"ಸಾರ್, ತಿಂದಿದ್ದು ಜಾಸ್ತಿ ಆದಷ್ಟೂ ತೊಂದ್ರೆ ಜಾಸ್ತಿ ಆಗ್ಬೇಕು ಅಂತ ಬುಕ್ಕಲ್ಲಿದೆ. ಎರಡು ಕಪ್ ತಿಂದೋರೆಲ್ಲ ಆರ್ಸಲ ಹೋಗಿದಾರೆ. ನೀವು ಎಷ್ಟು ಸಲ ಹೋದ್ರಿ?"

"ಹನ್ನೊಂದು."

"ಹಂಗಾದ್ರೆ ಎರಡು ಕಪ್ ಆಗಿರಕ್ಕೆ ಸಾಧ್ಯನೇ ಇಲ್ಲ ಸಾರ್."

"ನಾಲ್ಕಮ್ಮ, ನಾಲ್ಕು! ಆಯ್ತಾ?"

ನಾನು ಕಾರಿಡಾರಿನಲ್ಲಿ ಕುಣಿಯುವುದೊಂದು ಬಾಕಿ. ಮಧ್ಯಾಹ್ನದ ಸಭೆ ಐದೇ ನಿಮಿಷದಲ್ಲಿ ಮುಗಿಯಿತು. "ಹಸಿರು. ಮೂವತ್ತು ಕಾಪಿ ತರ್ಸಿ. ನನ್ನ ಬಾಯನ್ನೇ ಬಿಡಿಸಿದ ಪುಸ್ತಕ ಇದು," ಎಂದರು ಮುಖ್ಯಸ್ಥರು. ಮೇಷ್ಟ್ರು ಮೇಜನ್ನು ನೋಡುತ್ತಾ ಕೈ ಎತ್ತಿದರು, ಆಮೇಲೆ ಹೊರಗೆ ಬಂದು, "ಕೋಸಂಬರಿ ಚೆನ್ನಾಗಿತ್ತು ಮೇಡಂ," ಎಂದರು. ಆರು ವರ್ಷ ಕಾದದ್ದು ಸಾರ್ಥಕವಾಯಿತು.

ಪುಸ್ತಕದ ಆರ್ಡರಿಗೆ ಸಹಿ ಹಾಕುವ ಮುಂಚೆ ಮುಖ್ಯಸ್ಥರು ಹುಡುಗಿಯನ್ನು ಕರೆಸಿದ್ದರು. "ವರದೀನ ನೋಟಿಸ್ ಬೋರ್ಡಿಗೆ ಹಾಕ್ತೀರಂತೆ. ಅದರಲ್ಲಿ ನನ್ನ ಹೆಸರು ಇಲ್ಲ ತಾನೆ? ಮನೇಲಿ ಗೊತ್ತಾದ್ರೆ ನನ್ನ ಕಥೆ ಮುಗೀತು."

"ಛೇ ಛೇ, ಇಲ್ಲ ಸಾರ್. ಹೆಸರು ಬರೀಲೇಬಾರದು ಅಂತ ಪುಸ್ತಕದಲ್ಲಿ ಕಟ್ಟುನಿಟ್ಟಾಗಿ ಇದೆ."

ಅವರು ನಿರಾಳವಾಗಿ ಉಸಿರು ಬಿಟ್ಟು ಸಹಿ ಹಾಕಿದರು. ಸಂಜೆ ನೋಟಿಸ್ ಬೋರ್ಡಿನ ಮುಂದೆ ಇಡೀ ಕಾಲೇಜು ನೆರೆದಿತ್ತು. ಹುಡುಗಿ ಮಾತಿಗೆ ತಪ್ಪಿರಲಿಲ್ಲ. ವರದಿಯಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಪಟ್ಟಿಯ ಕೊನೆಯ ಸಾಲು ಹೀಗಿತ್ತು:

"ನಾಲ್ಕು ಕಪ್ ತಿಂದವರು: ಒಬ್ಬರು. ಗಂಡಸು. ವಯಸ್ಸು: ಅರವತ್ತೊಂದು. ಹುದ್ದೆ: ವಿಭಾಗದ ಮುಖ್ಯಸ್ಥರು."