ತನಗೆ ತಾನೇ ಶಾಲು ಹೊದಿಸಿಕೊಂಡವಳು

ನಮ್ಮ ಕಾಕಾನ ಮಗಳಿಗೆ ಸೆಕೆಂಡ್ ಪಿಯುಸಿಯ ಒಂದೇ ವರ್ಷದಲ್ಲಿ ಆದಷ್ಟು ಸತ್ಕಾರ ನಮ್ಮ ಜಿಲ್ಲೆಯ ಯಾವ ಮಂತ್ರಿಗೂ ಆಗಿರಲಿಕ್ಕಿಲ್ಲ. ಶಾಲು, ಹಾರ, ಭಾಷಣ, ಚಪ್ಪಾಳೆ, ಯಾವುದಕ್ಕೂ ಕೊರತೆ ಇರಲಿಲ್ಲ. ಸಣ್ಣದೊಂದು ಮಾತು ಹೇಳುವುದು ಬಿಟ್ಟೆ: ಸತ್ಕಾರ ಮಾಡುತ್ತಿದ್ದವಳೂ ಅವಳೇ!

ಫಸ್ಟ್ ಇಯರ್ ಪೂರ್ತಿ ಅವಳು ನಿಡೋಣಿಯಿಂದ ವಿಜಯಪುರಕ್ಕೆ ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದಳು. ಎರಡನೇ ವರ್ಷ ಓದು ಜಾಸ್ತಿ ಅಂತ ಕಾಕಾ ಅವಳನ್ನು ತಂದು ಸೊಲ್ಲಾಪುರ ರಸ್ತೆಯ ನಮ್ಮ ಮನೆಯಲ್ಲಿ ಬಿಟ್ಟ. ಇಬ್ಬರದೂ ಒಂದೇ ಕಾಲೇಜು, ಒಂದೇ ಕ್ಲಾಸು. ಇನ್ನು ಮುಂದೆ ಒಂದೇ ಕೋಣೆ. ಕೋಣೆ ಯಾರದು? ನನ್ನದು! ಟೇಬಲ್ಲು? ನನ್ನದು! ಪಕ್ಕದಲ್ಲಿ ಮಲಗುವ ಆಯಿ? ಆಯಿ ಅವಳ ಅಪ್ಪನಿಗೂ ತಾಯಿಯೇ, ಒಪ್ಪಿದೆ. ಆದರೆ ಹುಟ್ಟಿದಾಗಿನಿಂದ ಆಯಿಯ ಮಗ್ಗುಲಲ್ಲಿ ಮಲಗಿದವಳಿಗೆ ಒಂದು ಹಕ್ಕು ಅಂತ ಇರೋದಿಲ್ಲೇನ್ರಿ?

ಬಂದು ವಾರವಾಗಿರಬೇಕು. ಫಿಜಿಕ್ಸಿನ ಮೊದಲ ಪಾಠ ಮುಗಿಸಿ ಪುಸ್ತಕ ಮುಚ್ಚಿದವಳೇ ಎದ್ದು ಒಂದು ಶಾಲು ತೆಗೆದಳು. ಯಾವುದೋ ಸಂಘದವರು ಕಾಕಾನಿಗೆ ಹೊದಿಸಿದ್ದ ಜರಿಯಂಚಿನ ಶಾಲು. ಕನ್ನಡಿ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು ಶುರುಮಾಡಿದಳು:

"ಮಾನ್ಯರೇ, ಫಿಜಿಕ್ಸಿನ ಮೊದಲ ಪಾಠವನ್ನು ಎದೆಗುಂದದೆ ಓದಿ ಮುಗಿಸಿದ ಕುಮಾರಿಯವರನ್ನು ಈಗ ಸತ್ಕರಿಸಲಾಗುವುದು."

ತಾನೇ ಹೊದಿಸಿಕೊಂಡಳು, ತಾನೇ ಕೈಮುಗಿದಳು, ಆಮೇಲೆ ತಾನೇ ನಾಚಿಕೊಂಡಳು!

"ಏನ ಹುಚ್ಚಾಟ ಬೇ ಇದು?" ಅಂದೆ.

"ಹುಚ್ಚಲ್ಲ. ರಿಸಲ್ಟ್ ಬಂದ ಮ್ಯಾಲೆ ಮಂದಿ ಹೊಗಳತಾರ. ಅಲ್ಲೀತನಕ ಹೊಗಳವ್ರು ಯಾರು? ಅಷ್ಟ ದಿನ ಉಪವಾಸ ಇರಾಕ ನನ್ನ ಕೈಲೆ ಆಗೂದಿಲ್ಲ."

ಅದೇ ಪಾಠವನ್ನು ನಾನು ಅವಳಿಗಿಂತ ಮೊದಲೇ ಮುಗಿಸಿದ್ದೆ. ನನಗೆ ಯಾರಾದರೂ ಒಂದು ಕರವಸ್ತ್ರವನ್ನಾದರೂ ಹೊದಿಸಿದರೇ?

ಹೋಗಲಿ, ಕನ್ನಡಿಯ ಮುಂದಿನ ಆಟ ಕನ್ನಡಿಯ ಮುಂದೆಯೇ ಇದ್ದಿದ್ದರೆ ನನ್ನ ಹೊಟ್ಟೆ ತಣ್ಣಗಿರುತ್ತಿತ್ತು. ಮುಂದಿನ ಪಾಠಕ್ಕೆ ಆಯಿ ಬಂದು ಮಂಚದ ಮೇಲೆ ಕೂತು ಚಪ್ಪಾಳೆ ತಟ್ಟಿದಳು. ಅದರ ಮುಂದಿನದಕ್ಕೆ ಆಯಿಯೇ ಮುಖ್ಯ ಅತಿಥಿ! ಇಂಟಿಗ್ರೇಷನ್ ಮುಗಿದ ದಿನ ಅವ್ವ ಶೇಂಗಾ ಹೋಳಿಗೆ ಮಾಡಿದಳು. ಅಪ್ಪನನ್ನು ಅಧ್ಯಕ್ಷತೆಗೆ ಕರೆದರು. ಅಪ್ಪನದು ನೀರೆತ್ತುವ ಮೋಟರ್ ರಿಪೇರಿ ಅಂಗಡಿ. ಕೈಗೆ ಹತ್ತಿದ ಗ್ರೀಸನ್ನೂ ತೊಳೆಯದೆ ಬಂದು, "ಲಗೂನ ಮುಗಸ್ರಿ, ಅಂಗಡ್ಯಾಗ ಗಿರಾಕಿ ಕುಂತಾರ" ಅಂದವನು, ಮೈಕಿಲ್ಲದೆಯೇ ಅರ್ಧ ತಾಸು ಮಾತಾಡಿದ! ಎಸ್ಸೆಸ್ಸೆಲ್ಸಿಯಲ್ಲಿ ನಾನು ಶಾಲೆಗೇ ಫಸ್ಟ್ ಬಂದಾಗ ಇದೇ ಅಪ್ಪ "ಛಲೋ ಆತು" ಅಂದು ಇನ್ನೊಂದು ರೊಟ್ಟಿ ಕೇಳಿದ್ದ.

"ಆಯಿ, ನಂದೂ ಇಂಟಿಗ್ರೇಷನ್ ಮುಗದೈತಿ," ಅಂದೆ, ಸುಮ್ಮನೆ ಮಾಹಿತಿಗಾಗಿ.

"ನೀ ಹೆಂಗೂ ಓದಾಕಿ ಬಿಡು," ಅಂದಳು ಆಯಿ, ಹೋಳಿಗೆಯ ದೊಡ್ಡ ತುಂಡನ್ನು ಅವಳ ತಾಟಿಗೆ ಹಾಕುತ್ತ.

ದೇವರು ಕಣ್ಣು ಬಿಟ್ಟಿದ್ದು ಮಧ್ಯವಾರ್ಷಿಕ ಪರೀಕ್ಷೆಯಲ್ಲಿ. ಕೆಮಿಸ್ಟ್ರಿಯಲ್ಲಿ ಅವಳು ಫೇಲ್! ನನ್ನ ಎದೆಯೊಳಗೆ ಯಾರೋ ಸಕ್ಕರೆ ಹಂಚಿದ ಹಾಗಾಯಿತು. ಇನ್ನಾದರೂ ಈ ಸಮಾರಂಭಗಳು ನಿಂತಾವು ಅಂದುಕೊಂಡೆ. ಎಲ್ಲಿ! ಸಂಜೆ ಎಲ್ಲರನ್ನೂ ಕೂಡಿಸಿ, ತಲೆ ತಗ್ಗಿಸಿ ನಿಂತು, "ಕೆಮಿಸ್ಟ್ರಿ ಪೇಪರಿನಲ್ಲಿ ನಮ್ಮನ್ನಗಲಿದ ಮಾರ್ಕುಗಳ ಆತ್ಮಕ್ಕೆ ಶಾಂತಿ ಕೋರಿ ಒಂದು ನಿಮಿಷ ಮೌನ" ಅಂದಳು. ಎಲ್ಲರೂ ಎದ್ದು ನಿಂತರು. ಆಯಿಯಂತೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೌನ ಮುಗಿದ ಮೇಲೆ ಅವ್ವನ ಕಿವಿಯಲ್ಲಿ ಮೆಲ್ಲಗೆ ಕೇಳಿದಳು: "ಯಾರ ಹೋದರ ಬೇ?"

ಫೇಲಾಗಿಯೂ ಮನೆಯನ್ನು ಗೆಲ್ಲುವವರ ಜೊತೆ ನಾನು ಹೇಗೆ ಬಡಿದಾಡಲಿ?

ತಿಕೋಟಾದಲ್ಲಿ ನಮ್ಮ ಬಳಗದವರ ಮದುವೆ ಬಂತು. ಮದುಮಕ್ಕಳಿಗೆ ಆಯೇರಿಯ ಉಡುಗೊರೆ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಿದ್ದವರು ಒಂದು ಗುಟುಕು ನೀರು ಕುಡಿಯಲು ಹೊರಳಿದ್ದೇ ತಡ, ಮೈಕು ಇವಳ ಕೈಯಲ್ಲಿ! "ಸೆಕೆಂಡ್ ಪಿಯುಸಿ ಪರೀಕ್ಷೆ ಹತ್ತಿರ ಬಂದಿದ್ದರೂ ಧೈರ್ಯದಿಂದ ಊಟಕ್ಕೆ ಆಗಮಿಸಿದ ಎಲ್ಲ ವಿದ್ಯಾರ್ಥಿಗಳಿಗೆ ಸ್ವಾಗತ!" ಮಂಟಪಕ್ಕೆ ಮಂಟಪವೇ ನಕ್ಕಿತು. ಹುಡುಗಿಯರು ಮದುಮಗಳನ್ನು ಬಿಟ್ಟು ಇವಳ ಜೊತೆ ಫೋಟೋ ತೆಗೆಸಿಕೊಂಡರು. ಬಬಲೇಶ್ವರದ ಅತ್ತೆಯೊಬ್ಬರು ನನ್ನ ಗದ್ದ ಹಿಡಿದು, "ನೀ ಅಕೀ ಅಕ್ಕ ಅಲ್ಲೇನವಾ?" ಅಂದರು. ಸ್ವಂತ ಹೆಸರೊಂದು ಉಳಿದಿತ್ತು ನನ್ನ ಹತ್ತಿರ, ಅದೂ ಹೋಯಿತು!

ವಾರ್ಷಿಕ ಪರೀಕ್ಷೆ ಬಂತು. ಗಣಿತ ಅಂದರೆ ನನ್ನದು. ಅದರಲ್ಲಿ ಅವಳನ್ನು ಮೀರಿಸಿಯೇ ತೀರುತ್ತೇನೆಂದು ಹೋಗಿದ್ದೆ. ಪೇಪರ್ ಕೈಗೆ ಬಂದದ್ದೇ, ಏನಾಯಿತೋ ಕಾಣೆ, ತಲೆಯೆಲ್ಲ ಖಾಲಿ. ಬರುವ ಲೆಕ್ಕವೂ ಅರ್ಧಕ್ಕೆ ನಿಂತಿತು. ಗಂಟೆ ಹೊಡೆದಾಗ ಬಿಳಿ ಹಾಳೆ ಬಹಳ ಉಳಿದಿತ್ತು. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟೆ. ಇನ್ನು ಯಾವ ಪರೀಕ್ಷೆಗೂ ಹೋಗುವುದಿಲ್ಲ ಅಂದೆ.

ಈಗ ಬರುತ್ತಾಳೆ, ಭಾಷಣ ಮಾಡುತ್ತಾಳೆ, ಬಂದರೆ ಕಚ್ಚಿಬಿಡುತ್ತೇನೆ ಅಂತ ಹಲ್ಲು ಬಿಗಿಹಿಡಿದು ಕಾದೆ. ಬಂದಳು. ಅವ್ವ, ಆಯಿ ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದಳು. ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಜಡೆ ಬಿಚ್ಚಿ, ಎಣ್ಣೆ ಹಚ್ಚತೊಡಗಿದಳು. ಒಂದು ಮಾತಿಲ್ಲ. ವರ್ಷವಿಡೀ ಬಾಯಿ ಮುಚ್ಚದವಳು! ಜಡೆ ಹೆಣೆದಳು, ಬಿಚ್ಚಿದಳು, ಮತ್ತೆ ಹೆಣೆದಳು.

"ಹೋಗು, ಓದ್ಕೋ. ಮುಂದಿಂದು ಕೆಮಿಸ್ಟ್ರಿ," ಅಂದೆ.

"ಓದೇನಿ."

ಸುಳ್ಳು. ಪುಸ್ತಕ ಇಟ್ಟಲ್ಲೇ ಇತ್ತು. ಮರುದಿನವೂ ನಾನು ಎದ್ದು ಪುಸ್ತಕ ಹಿಡಿಯುವ ತನಕ ಅವಳು ಹಿಡಿಯಲಿಲ್ಲ.

ಇಬ್ಬರೂ ಪಾಸಾದೆವು. ಗಣಿತದಲ್ಲಿ ನಾನು ಹೆದರಿದಷ್ಟು ಕಡಿಮೆಯೇನೂ ಬರಲಿಲ್ಲ. ಅವಳಿಗೆ ಕೆಮಿಸ್ಟ್ರಿಯಲ್ಲಿ ದಂಡೆ ಮುಟ್ಟುವಷ್ಟೇ ಬಂತು. ಯಾಕೆ ಅಷ್ಟೇ ಬಂತು ಅಂತ ನನಗೆ ಗೊತ್ತು. ಅವಳು ಒಮ್ಮೆಯೂ ಬಾಯಿಬಿಟ್ಟಿಲ್ಲ. ಈಗ ಹೇಳ್ರಿ, ಇಂಥವಳ ಮೇಲೆ ನೆಮ್ಮದಿಯಿಂದ ಹೊಟ್ಟೆಕಿಚ್ಚಾದರೂ ಪಡುವುದು ಹೇಗೆ?

ರಿಸಲ್ಟಿನ ಮರುದಿನ ಉಳಿದ ಸಾಮಾನು ಒಯ್ಯಲು ಬಂದಿದ್ದಳು. ಡಿಗ್ರಿಗೆ ಧಾರವಾಡಕ್ಕೆ ಹೋಗುವವಳು. ಕೋಣೆ ಯಾವಾಗ ಖಾಲಿಯಾದೀತು ಅಂತ ವರ್ಷವಿಡೀ ಕಾದವಳು ನಾನು. ಬಸ್ ಸ್ಟ್ಯಾಂಡಿಗೆ ನಾನೇ ಕಳಿಸಲು ಹೋದೆ. ನಿಡೋಣಿ ಬಸ್ಸು ಬಂದು ನಿಂತಿತು.

"ಇದರಾಗ ಭಾಳ ಗದ್ದಲ ಐತಿ. ಮುಂದಿನ ಬಸ್ಸಿಗೆ ಹೋಗು," ಅಂದೆ.

ಅವಳು ಬಸ್ಸಿನ ಕಡೆ ನೋಡಿದಳು. ಡ್ರೈವರ್ ಬಿಟ್ಟರೆ ಒಳಗೆ ಒಬ್ಬ ಮುದುಕ, ಅವನ ಚೀಲ.

"ಹೌದ ನೋಡು, ಕಾಲಿಡಾಕ ಜಾಗಾ ಇಲ್ಲ," ಅಂದು ಬ್ಯಾಗನ್ನು ಕೆಳಗಿಟ್ಟು ನನ್ನ ಪಕ್ಕ ಕೂತಳು.