ಕೊಹಿಮಾಕ್ಕೆ ಹೊರಟ ಇಬ್ಬರು

ಯುದ್ಧವನ್ನು ಬಹಳ ಪ್ರೀತಿಸುವವರು ಸಾಮಾನ್ಯವಾಗಿ ಎಮ್ಮೆ ಹಾಯಲು ಬಂದರೂ ಓಡುವ ಪೈಕಿ. ಇದನ್ನು ಸ್ವಂತ ಅನುಭವದಿಂದಲೇ ಹೇಳುತ್ತಿದ್ದೇನೆ. ಹುನಗುಂದದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವಾಗ ಸೀಮೆಸುಣ್ಣದ ಒಂದೇ ಗೆರೆಯಲ್ಲಿ ದೊಡ್ಡ ದೊಡ್ಡ ಸೈನ್ಯಗಳನ್ನು ನದಿ ದಾಟಿಸಿದ್ದೇನೆ, ಗಂಟೆ ಬಾರಿಸಿದೊಡನೆ ಅವನ್ನೆಲ್ಲ ಡಸ್ಟರಿನಿಂದ ಒರೆಸಿಯೂ ಹಾಕಿದ್ದೇನೆ. ಒಮ್ಮೆ ಮಕ್ಕಳನ್ನು ಬಾದಾಮಿಯ ಕೋಟೆಗೆ ಕರೆದೊಯ್ದಾಗ ಮಂಗವೊಂದು ನನ್ನ ಕನ್ನಡಕ ಕಿತ್ತುಕೊಂಡಿತ್ತು. ನಾನು ಖುದ್ದಾಗಿ ಭಾಗವಹಿಸಿದ ಕದನ ಅದೊಂದೇ, ಅದರಲ್ಲೂ ಸೋತೆ.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ನಿವೃತ್ತಿಗೆ ಮುಂಚೆ ನಿಜವಾದ ರಣಭೂಮಿಯನ್ನು ನೋಡಲೇಬೇಕೆಂದು ತೀರ್ಮಾನಿಸಿದೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿಯರನ್ನು ತಡೆದ ಇಂಫಾಲದ ಬೆಟ್ಟಗಳು, ಕೊಹಿಮಾದ ಸೈನಿಕರ ಸ್ಮಶಾನ, ಸಿಕ್ಕರೆ ಒಂದೆರಡು ಮ್ಯೂಸಿಯಂ. ರೈಲ್ವೆ ಟೈಮ್‌ಟೇಬಲ್ ತಂದು ಕೆಂಪು ಪೆನ್ಸಿಲಿನಿಂದ ಗೆರೆ ಎಳೆದೆ: ಬಾಗಲಕೋಟೆ, ಗದಗ, ಕಲ್ಕತ್ತಾ, ಗುವಾಹಾಟಿ, ದಿಮಾಪುರ, ಅಲ್ಲಿಂದ ಬಸ್ಸು. ನಮ್ಮದೇ ದೇಶವಾದರೂ ಅಲ್ಲಿಗೆ ಹೋಗಲು ಸರಕಾರದ ಪರವಾನಿಗೆ ಬೇಕಂತೆ. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು, "ಮಂದಿ ಕಾಶಿಗೆ ಹೋಗ್ತಾರ. ನೀವು ಯಾರದೋ ಸುಡುಗಾಡಿಗೆ ಹೊಂಟೀರಿ" ಎಂದಳು. ಕಾಶಿಯಲ್ಲೂ ಸುಡುಗಾಡೇ ಮುಖ್ಯವಲ್ಲವೇ ಎಂದು ವಾದಿಸಿದೆ. ಆ ರಾತ್ರಿ ಪಲ್ಯಕ್ಕೆ ಉಪ್ಪಿರಲಿಲ್ಲ.

ಈ ಮಾತುಕತೆ ಗೋಡೆಯಾಚೆಯ ಲಕ್ಕವ್ವನ ಕಿವಿಗೂ ಬಿತ್ತು. ಲಕ್ಕವ್ವ ಕುರುಬರ ದೇವರು ಬೀರಪ್ಪನ ಒಕ್ಕಲು, ಕುರಿ ಸಾಕಿ ಉಣ್ಣೆ ನೂತು ಬದುಕಿದವಳು. ಅವಳ ಗಂಡ ಮಾಳಪ್ಪ ಮದುವೆಯಾದ ವರ್ಷವೇ ಪಲ್ಟನ್ ಸೇರಿ ಆ ಕಡೆಗೆ ಹೋದವನು, ತಿರುಗಿ ಬಂದಿರಲಿಲ್ಲ. ಮರುದಿನ ಅವಳು ನಮ್ಮ ಬಾಗಿಲಲ್ಲಿ ನಿಂತು, "ತಮ್ಮಾ, ಕೊಹಿಮಾಕ್ಕ ನಾನೂ ಬರ್ತೇನಿ" ಎಂದಳು. ನಾನು ಟೈಮ್‌ಟೇಬಲನ್ನು ಮಡಚಿ ಬೆನ್ನ ಹಿಂದೆ ಬಚ್ಚಿಟ್ಟೆ.

ಯಾಕೆಂದು ಹೇಳಿಬಿಡುತ್ತೇನೆ. ಯುದ್ಧದ ಕಾಲದಲ್ಲಿ ಅವರ ಮನೆಗೆ ಬಂದ ಇಂಗ್ಲಿಷ್ ತಂತಿಯನ್ನು ಓದಿದವನು ನಾನೇ. ಆಗ ನಾನು ಇಂಗ್ಲಿಷ್ ಮೂರನೆಯ ಇಯತ್ತೆಯಲ್ಲಿ ಓದುತ್ತಿದ್ದ ಹುಡುಗ, ಅಂದರೆ ಇಡೀ ಓಣಿಗೆ ಪಂಡಿತ. ತಂತಿಯಲ್ಲಿ 'ಮಿಸ್ಸಿಂಗ್' ಎಂದಿತ್ತು. ಗಾಡಿ ಮಿಸ್ ಆಯಿತೆಂದರೆ ಗಾಡಿ ತಪ್ಪಿತು ಎಂದಲ್ಲವೇ? "ತಪ್ಪಿಸಿಕೊಂಡಾನ" ಎಂದು ಸಾರಿದೆ. ನಮ್ಮ ಕಡೆ ಸಂತೆಯಲ್ಲಿ ಕೂಸು ತಪ್ಪಿಸಿಕೊಳ್ಳುತ್ತದೆ, ಪೊಲೀಸರ ಕೈಯಿಂದ ಕಳ್ಳನೂ ತಪ್ಪಿಸಿಕೊಳ್ಳುತ್ತಾನೆ. ಕೂತವರೆಲ್ಲ ಎರಡನೆಯ ಅರ್ಥವನ್ನೇ ಹಿಡಿದರು: ಮಾಳಪ್ಪ ಯುದ್ಧ ಬಿಟ್ಟು ಓಡಿ ಬದುಕಿಕೊಂಡಿದ್ದಾನೆ. ಲಕ್ಕವ್ವ ನನ್ನ ಬಾಯಿಗೆ ಬೆಲ್ಲ ಹಾಕಿದಳು. ಆ ಪದದ ಮುಂದೆ ಇನ್ನೂ ಎರಡು ಪದಗಳಿದ್ದವು, ಸತ್ತಿರಬೇಕೆಂದು ನಂಬಲಾಗಿದೆ ಎಂದು ಅವುಗಳ ಅರ್ಥ. ಅವು ನನಗೆ ತಿಳಿಯಲಿಲ್ಲವೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ತಿಳಿದಿತ್ತು. ಬಾಯಲ್ಲಿ ಬೆಲ್ಲವಿತ್ತು, ಎದುರಿಗೆ ಅವಳ ಮುಖವಿತ್ತು, ನುಂಗಿಬಿಟ್ಟೆ. ಆಮೇಲೆ ಬಂದ ಕಾಗದಗಳನ್ನು ಅವಳ ಮಾವ ಒಡೆಯದೆ ಜಂತಿಗೆ ಸಿಕ್ಕಿಸಿದ. "ಛಲೋ ಸುದ್ದಿ ಒಮ್ಮೆ ಓದಿಸೇವಿ, ಸಾಕು" ಎಂದನಂತೆ.

ಈಗ ಲಕ್ಕವ್ವ ತಯಾರಿಗೆ ಬಿದ್ದಳು. ಖಟಕ ರೊಟ್ಟಿ ಬಡಿದಳು, ಶೇಂಗಾ ಹಿಂಡಿ ಕುಟ್ಟಿದಳು. "ಅಲ್ಲಿ ಥಂಡಿ ಭಾಳಂತ, ಅವಗೂ ವಯಸ್ಸಾಗಿರತೈತಿ" ಎಂದು ಕರಿ ಉಣ್ಣೆಯ ಕಂಬಳಿ ಮಾಡಿಸಿದಳು. ಇಳಕಲ್ಲಿಗೆ ಹೋಗಿ ಕೆಂಪು ಸೆರಗಿನ ಸೀರೆ ತಂದಾಗ, "ಪ್ರವಾಸಕ್ಕ ಹೊಸಾ ಸೀರಿ ಏನಕ್ಕಾ?" ಎಂದು ಕೇಳಿದೆ.

"ನನಗಲ್ಲೋ. ಅಲ್ಲಿ ಯಾರನ್ನರ ಮಾಡಿಕೊಂಡಿರತಾನ. ಇಲ್ಲಂದ್ರ ಇಷ್ಟ ವರ್ಷ ಬರದ ಇರತಿದ್ದನೇನು? ಆಕಿ ಮನಿಗೆ ಬರೇ ಕೈಲೆ ಹ್ಯಾಂಗ ಹೋಗೂದು?"

ಮರುದಿನದಿಂದ ನಾನು ಪರವಾನಿಗೆ ಬಂದಿಲ್ಲ, ಅಲ್ಲಿ ಮಳೆ ಜಾಸ್ತಿ, ದೈವದ ಅಪ್ಪಣೆಯಾಗಬೇಕು ಎಂದು ದಿನ ತಳ್ಳಿದೆ. ಅವಳು ಶನಿವಾರ ತುಳಸಿಗೇರಿಗೆ ಹೋಗಿ ಹನುಮಪ್ಪನಿಗೆ ಕಾಯಿ ಒಡೆಸಿ ಬಂದು, "ಅವಂದೇನೂ ಅಡ್ಡಿ ಇಲ್ಲಂತ. ನಿಂದೇನು?" ಎಂದಳು. ನಾನು ಅಷ್ಟರೊಳಗೆ ಸ್ಮಶಾನದ ಕಚೇರಿಗೆ ಗುಟ್ಟಾಗಿ ಪತ್ರ ಬರೆದಿದ್ದೆ. ಉತ್ತರ ಬಂತು: ಮಾಳಪ್ಪನ ದೇಹ ಆಮೇಲೆ ಸಿಕ್ಕಿ ದಹನವಾಗಿದೆ, ದಹನವಾದವರ ಕಲ್ಲಿನ ಮೇಲೆ ಅವನ ಹೆಸರಿದೆ.

ಕಾಗದ ಹಿಡಿದು ಹೋದಾಗ ಅವಳು ಕಂಬಳಿಯ ಅಂಚು ಹೊಲಿಯುತ್ತಿದ್ದಳು. ಈ ಸಲ ಒಂದು ಪದವನ್ನೂ ಬಿಡದೆ ಓದಿ ಹೇಳಿದೆ. ಹಿಂದೆ ನುಂಗಿದ ಎರಡು ಪದಗಳನ್ನೂ ಹೇಳಿದೆ. ಅವಳ ಸೂಜಿ ನಿಂತಿತು.

"ಮಣ್ಣಿಗಿಟ್ಟಾರೇನು?" ಅವರ ಪೈಕಿ ಹೂಳುತ್ತಾರೆ.

"ಇಲ್ಲಕ್ಕಾ. ಸುಟ್ಟಾರ."

"ಯಾವಾಗ ಹ್ವಾದ?"

"ತಂತಿ ಬರೂಕಿಂತ ಮೊದಲ."

ಅಳುತ್ತಾಳೆಂದು ಕಾದೆ. ಅಳಲಿಲ್ಲ.

"ಅಂದ್ರ ಅವ ನನ್ನ ಬಿಟ್ಟು ಎಲ್ಲೂ ಓಡಿ ಹೋಗಿರ್ಲಿಲ್ಲ."

"ಇಲ್ಲ."

"ದಿನಾ ಮುಂಜಾನೆ ಒಲಿ ಹಚ್ಚುವಾಗ ಅವನ ಬೈದೇನಿ, ತಮ್ಮಾ. ನಲವತ್ತು ವರ್ಷ. ಒಂದ ದಿನಾನೂ ತಪ್ಪಿಸಿಲ್ಲ." ಕಂಬಳಿಯನ್ನು ಮಡಚಿ ಪಕ್ಕಕ್ಕಿಟ್ಟಳು. "ಆ ಬೈಗಳ ಅವಂದಲ್ಲ, ನಿಂದು. ಕುಂದರು."

ಕುಳಿತೆ. ಅವಳು ಆ ಬೈಗಳನ್ನು ಮೊದಲಿನಿಂದ ಆರಂಭಿಸಿದಳು. ಧ್ವನಿ ಏರಿಸಲಿಲ್ಲ, ಅವಸರವನ್ನೂ ಮಾಡಲಿಲ್ಲ. 'ಹೇಡಿ' ಎಂಬಲ್ಲಿಗೆ ಬಂದಾಗ ಮಾತ್ರ ಸ್ವಲ್ಪ ನಿಂತು, "ಇದರ ಅರ್ಥ ಗೊತ್ತೈತೇನು, ಇಲ್ಲಾ ಇದನ್ನೂ ಬ್ಯಾರೆ ಹೇಳ್ತೀಯೋ?" ಎಂದು ಕೇಳಿದಳು.

"ಗೊತ್ತದ ಅಕ್ಕಾ" ಎಂದೆ.